ಮೇ ಬಿಸಿಲು, 40 ಮಂದಿ ಬಳಗ: ಕಲಬುರಗಿ ಸುತ್ತ ಯಾವ ನೀರಿನ ದಂಡೆಗೆ ಹೋಗೋಣ?

ಬಿಸಿಲೂರಿನ ಮೊಮ್ಮಗ (ಕಲಬುರಗಿ)

ನಮಸ್ಕಾರ್ರಿ ಎಲ್ಲರಿಗೂ. ಪ್ರಶ್ನೆ ಸ್ವಲ್ಪ ಉದ್ದ ಇದೆ, ಬೇಜಾರಾಗಬೇಡಿ.

ನಮ್ಮದು ದೊಡ್ಡ ಬಳಗ. ಮುತ್ಯಾನ ಮಕ್ಕಳು, ಅವರ ಮಕ್ಕಳು, ಈಗ ಅವರಿಗೂ ಮಕ್ಕಳು. ಕಾಕಾನವರು ಪುಣೆಯಲ್ಲಿ, ಒಬ್ಬ ಅತ್ತೆ ಹೈದರಾಬಾದಿನಲ್ಲಿ, ಇನ್ನೊಬ್ಬರು ಸೊಲ್ಲಾಪುರದಲ್ಲಿ, ಅಕ್ಕ ಬೆಂಗಳೂರಿನಲ್ಲಿ. ದೊಡ್ಡಪ್ಪ ಮಾತ್ರ ಕಮಲಾಪುರದ ಕಡೆ ಹಳ್ಳಿಯಲ್ಲಿದ್ದು ಹೊಲ-ಮನೆ ನೋಡಿಕೊಂಡಿದ್ದಾರೆ. ಎಲ್ಲರೂ ಸೇರುವುದು ಮದುವೆಗೋ ಮಣ್ಣಿಗೋ ಅಷ್ಟೇ. ಮದುವೆಯಲ್ಲಿ ಮಾತಾಡಲು ಟೈಮ್ ಇರುವುದಿಲ್ಲ, ಮಣ್ಣಿಗೆ ಬಂದಾಗ ಮಾತಾಡಲು ಮನಸ್ಸಿರುವುದಿಲ್ಲ.

ಕಾಕಾನ ಮಗ ಅಮೆರಿಕದ ಮಿನ್ನೆಸೋಟಾದಲ್ಲಿದ್ದಾನೆ. ಆ ರಾಜ್ಯಕ್ಕೆ 10,000 ಕೆರೆಗಳ ನಾಡು ಅಂತಲೇ ಹೆಸರು, ಕಾರಿನ ನಂಬರ್ ಪ್ಲೇಟ್ ಮೇಲೂ ಹಾಕಿಕೊಂಡಿರುತ್ತಾರೆ. ಅಲ್ಲಿ ಬೇಸಿಗೆ ಬಂತೆಂದರೆ ಅಜ್ಜ, ಅಜ್ಜಿ, ಮಕ್ಕಳು, ಮೊಮ್ಮಕ್ಕಳು ಎಲ್ಲರೂ ಕೆರೆ ದಂಡೆಯ ಮರದ ಮನೆಗೆ ಬಂದು ಸೇರುವುದು ಒಂದು ರೂಢಿ. ಈಜುತ್ತಾರೆ, ಮೀನು ಹಿಡಿಯುತ್ತಾರೆ, ರಾತ್ರಿ ಬೆಂಕಿ ಹಾಕಿಕೊಂಡು ಸುತ್ತ ಕೂರುತ್ತಾರೆ. ತನ್ನ ಆಫೀಸಿನ ಗೆಳೆಯನ ಮನೆಯವರ ಜೊತೆ ಇವನೂ ಹೋಗಿದ್ದ. ಆ ಫೋಟೋಗಳನ್ನು ನಮ್ಮ ಆಯಿಗೆ ತೋರಿಸಿದ್ದೇ ತಪ್ಪಾಯಿತು ನೋಡಿ. "ಅಲ್ಲ, ನಮ್ಮ ಕಡಿ ಕೆರಿ ಬತ್ತ್ಯಾವೇನು? ಎಲ್ಲಾರ್ನೂ ಕರಸ್ರಿ. ಒಂದ್ ದಿನ ನೀರಿನ ಬಾಜೂಕ ಕುಂದ್ರಬೇಕು" ಅಂತ ಹಟ ಹಿಡಿದಿದ್ದಾಳೆ. ಎಂಬತ್ತು ದಾಟಿದ ಜೀವ. ಇಲ್ಲ ಅನ್ನೋಕೆ ಯಾರಿಗೂ ಧೈರ್ಯ ಇಲ್ಲ.

ಆದರೆ ಅವರ ಬೇಸಿಗೆ ಬೇರೆ, ನಮ್ಮ ಬೇಸಿಗೆ ಬೇರೆ ಅಲ್ವಾ? ಅಲ್ಲಿ ಜೂನ್-ಜುಲೈಯಲ್ಲಿ ರಾತ್ರಿ 9ರ ತನಕ ಬೆಳಕಿರುತ್ತದಂತೆ, ಮಧ್ಯಾಹ್ನವೂ ಹೊರಗೆ ಕೂರಬಹುದಂತೆ. ನಮ್ಮಲ್ಲಿ ಮೇ ತಿಂಗಳು 42-43 ಡಿಗ್ರಿ. ಸರ್ಕಾರಿ ಆಫೀಸುಗಳೇ ಏಪ್ರಿಲ್-ಮೇಯಲ್ಲಿ ಬೆಳಿಗ್ಗೆ 8ಕ್ಕೆ ಶುರುವಾಗಿ 1.30ಕ್ಕೆ ಬಾಗಿಲು ಹಾಕುತ್ತವೆ.

ರೆಸಾರ್ಟ್ ಅಂತ ಮಾತ್ರ ಹೇಳಬೇಡಿ. ಹಿಂದೊಮ್ಮೆ ಊರ ಹೊರಗಿನ ಒಂದು ಕಡೆ ಬುಕ್ ಮಾಡಿದ್ದೆವು. ಎಸಿ ರೂಮಿನಲ್ಲಿ ಒಬ್ಬೊಬ್ಬರದೂ ಒಂದೊಂದು ಮೊಬೈಲ್, ಊಟಕ್ಕೆ ಮಾತ್ರ ಮುಖ ದರ್ಶನ. ಈಜುಕೊಳದ ಹತ್ತಿರ ಸೀರೆ ಉಟ್ಟವರು ಇಳಿಯುವಂತಿಲ್ಲ ಅಂತ ಬೋರ್ಡು. ನಮ್ಮ ಅತ್ತೆಯರು ಕುರ್ಚಿ ಹಾಕಿಕೊಂಡು ಆ ನೀಲಿ ನೀರನ್ನೇ ನೋಡುತ್ತ ಕುಳಿತು, ಒಂದು ಕಾಲೂ ತೋಯಿಸದೆ ಎದ್ದು ಬಂದರು.

ಈಗ ಹೇಳಿ. ಕಲಬುರಗಿ, ಬೀದರ್, ಯಾದಗಿರಿ ಮೂರೂ ಜಿಲ್ಲೆ ಓಕೆ. ಎಲ್ಲಿ ಹೋಗೋಣ, ಯಾವಾಗ ಹೋಗೋಣ, ಊಟ ಹೇಗೆ? ಆಯಿಗೆ ಮೊಳಕಾಲು ನೋವು, ಜಾಸ್ತಿ ನಡೆಯಲು ಆಗಲ್ಲ. ಚಿಲ್ಟಾರಿ ಹುಡುಗರು ಹತ್ತು-ಹನ್ನೆರಡು ಇದ್ದಾರೆ, ಒಂದಕ್ಕೂ ಈಜು ಬರಲ್ಲ.

ಭಾಲ್ಕಿ ಬಾಂಧವ

ಕಾರಂಜಾ ಬಿಟ್ಟು ಬೇರೆ ಎಲ್ಲಿಗೆ ಹೋಗುತ್ತೀರಿ ಅಣ್ಣಾ! ನಮ್ಮ ತಾಲೂಕಿನ ಬ್ಯಾಲಹಳ್ಳಿ ಹತ್ತಿರ ಡ್ಯಾಂ. 7.69 ಟಿಎಂಸಿ ಹಿಡಿಯುವ ಜಲಾಶಯ, ಬೀದರ್ ಜಿಲ್ಲೆಯಲ್ಲಿ ಇಷ್ಟು ದೊಡ್ಡ ನೀರು ಬೇರೆ ಇಲ್ಲ. ಬೇಸಿಗೆಯಲ್ಲಿ ಇಳಿದಿರುತ್ತದೆ, ಆದರೂ ಆ ದಂಡೆಯಿಂದ ಈ ದಂಡೆ ಸಣ್ಣಗೆ ಕಾಣುವಷ್ಟು ಉಳಿದಿರುತ್ತದೆ. ಸಂಜೆ 6ರ ಮೇಲೆ ಗಾಳಿ ಬಿಟ್ಟರೆ ನಿಮ್ಮ ಪುಣೆಯವರೂ ಸುಮ್ಮನಾಗುತ್ತಾರೆ.

ಉಳಿಯುವುದು ಬೀದರ್ ಪ್ಯಾಟಿಯಲ್ಲಿ ಇಟ್ಟುಕೊಳ್ಳಿ. ಬೀದರ್ ಸುಮಾರು 2,200 ಅಡಿ ಎತ್ತರದಲ್ಲಿದೆ, ಕಲಬುರಗಿ 1,500ರ ಆಸುಪಾಸು. ನಿಮಗಿಂತ ನಮ್ಮದು ಯಾವತ್ತೂ ಎರಡು-ಮೂರು ಡಿಗ್ರಿ ಕಡಿಮೆ. ಇದನ್ನು ಕಲಬುರಗಿಯವರು ಒಪ್ಪುವುದಿಲ್ಲ, ಅದು ಬೇರೆ ಮಾತು.

ಇನ್ನೊಂದು, ಹುಡುಗರನ್ನು ರೈಲಿನಲ್ಲಿ ಕರೆತನ್ನಿ. 2017ರಲ್ಲಿ ಕಲಬುರಗಿ-ಬೀದರ್ ಲೈನ್ ಶುರುವಾಯಿತಲ್ಲ, ಕಮಲಾಪುರ, ಹುಮನಾಬಾದ್ ಮೇಲೆ 110 ಕಿಲೋಮೀಟರ್. ಮರಗುತ್ತಿ ಹತ್ತಿರ ಸುರಂಗ ಬರುತ್ತದೆ, ಅಲ್ಲಿ ಹುಡುಗರು ಚೀರುವುದನ್ನು ಕೇಳಬೇಕು. ಗಾಡಿಗಳು ಕಡಿಮೆ, ಟೈಮ್ ಮೊದಲೇ ನೋಡಿಕೊಳ್ಳಿ. ಒಂದು ಹೊತ್ತು ಗುರುನಾನಕ್ ಝೀರಾ ಗುರುದ್ವಾರಕ್ಕೆ ಹೋಗಿ. ಅಲ್ಲಿ ಲಂಗರಿನಲ್ಲಿ 40 ಮಂದಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ, ಸಾಲಾಗಿ ಕೂತು ಉಣ್ಣುವುದೇ. ಬಂಡೆಯಿಂದ ಜಿನುಗುವ ನೀರನ್ನು ನೋಡಿ ಆಯಿಗೆ ಖುಷಿ ಆಗುತ್ತದೆ. ಪಾಪನಾಶ ಗುಡಿಯೂ ಅಲ್ಲೇ ಹತ್ತಿರ, ಕೆರೆಯೂ ಇದೆ.

ಚಿಂಚೋಳಿ ಕಾಡಿನವ

ಚಂದ್ರಂಪಳ್ಳಿ ಡ್ಯಾಂ ಹೆಸರು ಯಾರೂ ಎತ್ತಲಿಲ್ಲವಲ್ಲ ಅಂತ ಬಂದೆ.

ಸುತ್ತ ಗುಡ್ಡ, ನಡುವೆ ನೀರು. ಕಲಬುರಗಿ ಜಿಲ್ಲೆಯಲ್ಲಿ ಹೀಗೊಂದು ಜಾಗ ಇದೆ ಅಂದರೆ ಬೆಂಗಳೂರಿನವರು ನಂಬುವುದಿಲ್ಲ. ಸುತ್ತಲಿನ ಕಾಡು 2011ರಲ್ಲಿ ವನ್ಯಜೀವಿ ಧಾಮ ಆಯಿತು, ಸುಮಾರು 134 ಚದರ ಕಿಲೋಮೀಟರ್. ಆದರೆ ಉಳಿದವರ ಹಾಗೆ ಬರೀ ಹೊಗಳುವುದಿಲ್ಲ. ಮೇ ತಿಂಗಳಲ್ಲಿ ಇಲ್ಲಿನ ತೇಗ ಎಲೆ ಉದುರಿಸಿಕೊಂಡು ಬೋಳಾಗಿ ನಿಂತಿರುತ್ತದೆ. ಇಂಟರ್ನೆಟ್ಟಿನಲ್ಲಿ ಹಸಿರು ಫೋಟೋ ನೋಡಿ ಬಂದವರು "ಇದೇನಾ" ಅನ್ನುತ್ತಾರೆ. ಹಸಿರು ಬೇಕಾದರೆ ಆಗಸ್ಟ್ ದಾಟಲಿ.

ವನ್ಯಜೀವಿ ಧಾಮ ಆದ್ದರಿಂದ ಒಲೆ ಹೂಡುವಂತಿಲ್ಲ, ಬೆಂಕಿ ಹಾಕುವಂತಿಲ್ಲ, ಸ್ಪೀಕರ್ ಹಚ್ಚಿ ಕುಣಿಯುವಂತಿಲ್ಲ. ಬೇಸಿಗೆಯಲ್ಲಿ ಒಂದು ಬೀಡಿ ತುಂಡು ಸಾಕು, ಗುಡ್ಡಕ್ಕೆ ಗುಡ್ಡವೇ ಹತ್ತಿಕೊಳ್ಳುತ್ತದೆ. ಒಳಗೆ ಹೋಗುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹೋಗಿ. ಬುತ್ತಿ ಕಟ್ಟಿಕೊಂಡು ಬಂದು, ನಸುಕಿನಲ್ಲಿ ಎರಡು ಮೂರು ತಾಸು ಕೂತು, 9 ಗಂಟೆಗೆ ವಾಪಸ್ ಹೊರಟರೆ ಚಂದ. ಕಲಬುರಗಿಯಿಂದ ನೂರು ಕಿಲೋಮೀಟರ್ ಆಸುಪಾಸು ಆಗುತ್ತದೆ, ಹಾಗಾಗಿ ಕತ್ತಲಲ್ಲೇ ಮನೆ ಬಿಡಬೇಕು. ಆಯಿಗೆ ಆಗುತ್ತದಾ ನೋಡಿ.

ಎರೆಹೊಲ (ಆಳಂದ)

ನಾನು ನೇರವಾಗಿ ಹೇಳುತ್ತೇನೆ, ಮೇ ತಿಂಗಳಲ್ಲಿ ಬೇಡವೇ ಬೇಡ. ಯಾರದೋ ದೇಶದ ಫೋಟೋ ನೋಡಿ ಮುದುಕಿಯನ್ನು ಬಿಸಿಲಿಗೆ ಒಯ್ಯುವುದು ಯಾವ ಶಾಣ್ಯಾತನ?

ನಮ್ಮ ಹಿರಿಯರು ಹುಚ್ಚರಾಗಿದ್ದರಾ? ಬಳಗ ಎಲ್ಲ ಹೊಲಕ್ಕೆ ಹೋಗಲು ಎಳ್ಳಮಾಸಿ, ಅಂದರೆ ಎಳ್ಳ ಅಮಾವಾಸ್ಯೆ, ಇಟ್ಟರು. ಡಿಸೆಂಬರ್-ಜನವರಿ ಚಳಿ, ಎದೆಮಟ್ಟ ಜೋಳ, ಕಡಲೆ ಕಾಯಿ ಕಟ್ಟಿರುತ್ತದೆ, ಕೆರೆಯಲ್ಲಿ ನೀರು ತುಂಬಿರುತ್ತದೆ. ಹೊಲಕ್ಕೆ ನೈವೇದ್ಯದ ಚರಗ ಚೆಲ್ಲಿ ಬಜ್ಜಿ ಪಲ್ಯ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಅಂಬಲಿ ಉಂಡು ಮರದ ಕೆಳಗೆ ಉರುಳಿದರೆ ಸಂಜೆ ತನಕ ಏಳುವ ಹಾಗಿಲ್ಲ. ಅದಕ್ಕಿಂತ ದೊಡ್ಡ ಕೂಟ ಬೇಕಾ? ಕೂಟ ಮಾಡುವುದಾದರೆ ಆಗ ಮಾಡಿ. ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಮಲಗಿ.

ಸುರಪುರ ಸೀಮೆಯ ಅಕ್ಕ

ಎರೆಹೊಲದ ಅಣ್ಣಾರೆ, ಎಳ್ಳಮಾಸಿ ಚಂದ, ಯಾರು ಇಲ್ಲ ಅಂದರು? ಆದರೆ ಪುಣೆ, ಬೆಂಗಳೂರಿನ ಹುಡುಗರಿಗೆ ಎಳ್ಳಮಾಸಿಗೆ ಯಾವ ಶಾಲೆಯವರು ಸೂಟಿ ಕೊಡುತ್ತಾರೆ? ಆ ಒಂದು ದಿನಕ್ಕೆ ಹೈದರಾಬಾದಿನಿಂದ ಬಂದು ಹೋಗಲು ಆಗುತ್ತದಾ? ಹುಡುಗರಿಗೆ ಸೂಟಿ ಇರುವುದು ಏಪ್ರಿಲ್-ಮೇ. ಬಿಸಿಲಿದ್ದರೂ ಅದೇ ಗತಿ.

ಇನ್ನೊಂದು ಮಾತು ಎಳ್ಳಮಾಸಿಗೂ ಬೇಸಿಗೆಗೂ ಸೇರಿಸಿಯೇ ಹೇಳುತ್ತೇನೆ. ನೀವು ಗಂಡಸರು "ಉಂಡು ಮರದ ಕೆಳಗೆ ಉರುಳಿದೆವು" ಅಂತ ಬರೆಯುತ್ತೀರಿ. ನಸುಕಿನ 3ಕ್ಕೆ ಎದ್ದು ಹತ್ತು ನಮೂನಿ ಅಡುಗೆ ಮಾಡಿ, ಹೊತ್ತು ತಂದು, ಬಡಿಸಿ, ಕೊನೆಗೆ ಪಾತ್ರೆ ತಿಕ್ಕಿದವರು ಎಲ್ಲಿ ಉರುಳಿದರು ಅಂತ ಯಾರೂ ಬರೆಯುವುದಿಲ್ಲ. ಅತ್ತೆಯರು ಸೀರೆಯಲ್ಲೇ ನೀರಿಗಿಳಿದು ಆಡಬೇಕು ಅನ್ನುವುದು ಮೊಮ್ಮಗನ ಆಸೆ ಆಗಿದ್ದರೆ ಮೊದಲು ಅವರನ್ನು ಒಲೆ ಮುಂದಿನಿಂದ ಎಬ್ಬಿಸಿ. ಕಲಬುರಗಿಯಲ್ಲಿ ಗಲ್ಲಿಗೊಂದು ರೊಟ್ಟಿ ಮಾಡುವವರಿದ್ದಾರೆ. ಮಹಿಳಾ ಸಂಘದವರು ಈಗ "ಕಲಬುರಗಿ ರೊಟ್ಟಿ" ಅಂತಲೇ ಹೆಸರಿಟ್ಟು ಮಾರುತ್ತಿದ್ದಾರೆ. ಖಡಕ್ ರೊಟ್ಟಿ ಎರಡು ದಿನ ಮೊದಲೇ ತಂದಿಟ್ಟರೂ ಏನೂ ಆಗುವುದಿಲ್ಲ. ಶೇಂಗಾ ಹಿಂಡಿ, ಪುಂಡಿ ಪಲ್ಯ, ಝುಣಕದ ವಡಿ, ಇವು ಸೆಕೆಗೆ ಬೇಗ ಕೆಡುವ ಅಡುಗೆಯಲ್ಲ. ಮೊಸರನ್ನ ಮಧ್ಯಾಹ್ನದ ಹೊತ್ತಿಗೆ ಹುಳಿ ಬರುತ್ತದೆ. ಮಜ್ಜಿಗೆಯಾದರೆ ಗಡಿಗೆಯಲ್ಲಿಟ್ಟು ಹಸಿ ಬಟ್ಟೆ ಸುತ್ತಿ.

ನಮ್ಮ ಕಡೆ ಬೋನಾಳ ಕೆರೆ ಇದೆ. ಪಕ್ಷಿಧಾಮ, ಸುರಪುರದ ನಾಯಕ ಅರಸರ ಕಾಲದ್ದು. ದೂರದಿಂದ ಬರುವ ಹಕ್ಕಿಗಳೆಲ್ಲ ಚಳಿಗಾಲಕ್ಕೆ ಬಂದು ಬೇಸಿಗೆಗೆ ಮೊದಲೇ ಹೊರಟುಬಿಡುತ್ತವೆ. ಹಾಗಾಗಿ ಮೇಯಲ್ಲಿ ಅದನ್ನು ನೋಡಲು ಅಷ್ಟು ದೂರ ಬರುವುದರಲ್ಲಿ ಹುರುಳಿಲ್ಲ. ನಾರಾಯಣಪುರದ ಬಸವಸಾಗರ ದೊಡ್ಡದು, ಹತ್ತಿರದ ಛಾಯಾ ಭಗವತಿ ಗುಡಿಯೂ ನೋಡುವಂಥದ್ದು. ಕಲಬುರಗಿಯಿಂದ ಆಯಿಗೆ ದೂರ ಆಗುತ್ತದೆ. ಯಾದಗಿರಿಯವರು ಹತ್ತಿಕುಣಿ ಡ್ಯಾಂಗೆ ಹೋಗುತ್ತಾರೆ, ಅದು ಹತ್ತಿರ.

ಎಲ್ಲಿಗಾದರೂ ಹೋಗಿ, ಕಾಲುವೆಗೆ ಮಾತ್ರ ಯಾರನ್ನೂ ಇಳಿಸಬೇಡಿ. ನಮ್ಮ ಕಡೆ ಕೃಷ್ಣೆಯ ಕಾಲುವೆ ನೋಡಲು ಶಾಂತ, ನೀರು ತಣ್ಣಗೆ, ಹುಡುಗರಿಗೆ ಆಸೆ ಹುಟ್ಟುತ್ತದೆ. ಎರಡೂ ಕಡೆ ಸಿಮೆಂಟಿನ ಇಳಿಜಾರು, ಪಾಚಿ ಕಟ್ಟಿರುತ್ತದೆ. ಒಮ್ಮೆ ಜಾರಿದರೆ ಹಿಡಿಯಲು ಏನೂ ಸಿಗುವುದಿಲ್ಲ. ಈಜು ಬಂದವರೂ ಮೇಲೆ ಹತ್ತಲಾಗದೆ ಸುಸ್ತಾಗಿ ಹೋಗುತ್ತಾರೆ.

ಕೆರೆಯದು ಇನ್ನೊಂದು ನಮೂನಿ. ಬೇಸಿಗೆಯಲ್ಲಿ ನೀರು ಹಿಂದೆ ಸರಿದ ಜಾಗದಲ್ಲಿ ಎರೆ ಮಣ್ಣು ಒಣಗಿ, ಬಿರುಕು ಬಿಟ್ಟು, ಮೇಲೆ ಗಟ್ಟಿ ನೆಲದಂತೆ ಕಾಣುತ್ತದೆ. ಹಾಲಿನ ಕೆನೆ ಇದ್ದ ಹಾಗೆ ಅದು. ದಂಡೆಯ ಕಡೆ ಕಾಲಿಟ್ಟರೆ ಟಕ್ ಟಕ್ ಅನ್ನುತ್ತದೆ. ನಾಲ್ಕು ಹೆಜ್ಜೆ ಮುಂದೆ ಬಿರುಕಿನ ಬಣ್ಣ ಬೂದಿಯಿಂದ ಕಪ್ಪಿಗೆ ತಿರುಗುತ್ತದೆ, ಅಲ್ಲಿಂದ ಮುಂದೆ ಒಂದು ಹೆಜ್ಜೆ ಇಟ್ಟರೆ ಮೊಳಕಾಲ ತನಕ ರಾಡಿ. ಚಪ್ಪಲಿ ಒಳಗೇ ಉಳಿಯುತ್ತದೆ. ಕಾರು ಇಳಿಸಿದರಂತೂ ಟ್ರ್ಯಾಕ್ಟರ್ ಕರೆಸಬೇಕು. ಮತ್ತೆ ರೈತರು ಹೊಲಕ್ಕೆ ಹೂಳು ಒಯ್ದ ಕಡೆ ತಗ್ಗು ಬಿದ್ದಿರುತ್ತವೆ. ಮೊಳಕಾಲ ನೀರು ಅಂದುಕೊಂಡ ಹುಡುಗ ಒಮ್ಮೆಲೇ ಮುಳುಗುವುದು ಅಲ್ಲೇ. ಊರಿನ ದನ ಕಾಯುವವರನ್ನು ಕೇಳಿ, ಎಮ್ಮೆಗಳು ಎಲ್ಲಿ ಇಳಿಯುತ್ತವೆ, ಎಲ್ಲಿ ಇಳಿಯುವುದಿಲ್ಲ ಅಂತ ಅವರಿಗೆ ಗೊತ್ತಿರುತ್ತದೆ.

ಪುಣೆ ಪ್ಯಾಸೆಂಜರ್

ಅಕ್ಕಾರ ಮಾತಿಗೆ ನನ್ನದೊಂದು ಕೈ. ಹೊರಗಿದ್ದವರ ಪರವಾಗಿ ಒಂದು ವಿನಂತಿ: ತಾರೀಕು ಮೂರು ತಿಂಗಳು ಮೊದಲೇ ಹೇಳಿ. ಮೇ ತಿಂಗಳಲ್ಲಿ ಪುಣೆ-ಕಲಬುರಗಿ ರಿಸರ್ವೇಶನ್ ಸಿಗುವುದು ಅಷ್ಟು ಸುಲಭ ಅಲ್ಲ.

ಬಿಸಿಲೂರಿನ ಮೊಮ್ಮಗ

ಎಲ್ಲರಿಗೂ ಶರಣು. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಅಕ್ಕಾರೆ, ನಿಮ್ಮ ಬರಹವನ್ನು ಮನೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಅತ್ತೆಯರಿಬ್ಬರೂ ಒಂದೇ ಸಮ ಚಪ್ಪಾಳೆ ಒತ್ತಿದ್ದಾರೆ, ಕಾಕಾ ಮಾತ್ರ ಇನ್ನೂ ಏನೂ ಅಂದಿಲ್ಲ.

ಕಾರಂಜಾ ಬಗ್ಗೆ ಮನಸ್ಸಿದೆ. ಆದರೆ 40 ಮಂದಿ, ಆಯಿ, ಹುಡುಗರು, ಆ ಬಯಲಲ್ಲಿ ನೆರಳು ಎಲ್ಲಿ ಹುಡುಕುವುದು? ಡ್ಯಾಂ ದಂಡೆ ಅಂದರೆ ಕಲ್ಲು, ಕರಿ ಜಾಲಿ ಅಷ್ಟೇ ಅಲ್ವಾ? ಅಲ್ಲಿ ಪ್ರತಿ ವರ್ಷ ಸೇರುವವರು ಯಾರಾದರೂ ಇದ್ದರೆ ಹೇಳಿ.

ಮುಳುಗಡೆ ಮನೆತನ

ನಾವು ಸೇರುತ್ತೇವೆ. ಆದರೆ ನಮ್ಮ ಕಾರಣ ಬೇರೆ.

ಕಾರಂಜಾ ಕಟ್ಟಿದಾಗ ನಮ್ಮ ಮುತ್ಯಾನ ಹೊಲ, ಮನೆ ಎರಡೂ ಹೋದವು. ಪರಿಹಾರದ ಜಗಳ ಇವತ್ತಿಗೂ ಮುಗಿದಿಲ್ಲ. ಬೀದರ್‌ನಲ್ಲಿ ಕಾರಂಜಾ ಸಂತ್ರಸ್ತರ ಧರಣಿ ಸುದ್ದಿ ನೀವೂ ಓದಿರುತ್ತೀರಿ. ಊರು ಹೋದ ಮೇಲೆ ಮನೆತನ ದಿಕ್ಕಾಪಾಲಾಯಿತು. ಕೆಲವರು ಬೀದರ್, ಕೆಲವರು ಜಹೀರಾಬಾದ್, ಒಂದು ಗುಂಪು ಮುಂಬೈ. ಊರು ಇದ್ದಿದ್ದರೆ ಜಾತ್ರೆಗೆ ಸೇರುತ್ತಿದ್ದೆವು. ಈಗ ಸೇರಲು ಉಳಿದಿರುವುದು ಆ ನೀರು. ಹಾಗಾಗಿ ಬೇಸಿಗೆಗೆ ಹಿನ್ನೀರಿನ ದಂಡೆಗೇ ಹೋಗುತ್ತೇವೆ.

ಹೊರಗಿನವರಿಗೆ ವಿಚಿತ್ರ ಅನ್ನಿಸಬಹುದು. ಅಳುತ್ತ ಕೂರುತ್ತೇವೆ ಅಂದುಕೊಳ್ಳಬೇಡಿ, ನಕ್ಕೂ ನಕ್ಕೂ ಸಾಕಾಗುತ್ತದೆ. ನೀರು ಬಹಳ ಇಳಿದ ವರ್ಷ ನಮ್ಮ ಬಾವಿಯ ಕಟ್ಟೆ ಮೇಲೆ ಬರುತ್ತದೆ. ನಮ್ಮಪ್ಪ, ದೊಡ್ಡಪ್ಪ ಇಬ್ಬರೂ ಧೋತ್ರ ಮೇಲೆ ಕಟ್ಟಿಕೊಂಡು, ಕೈಯಲ್ಲಿ ಕೋಲು ಹಿಡಿದು, ಅಗಸಿ ಎಲ್ಲಿತ್ತು, ಬೇವಿನ ಗಿಡ ಎಲ್ಲಿತ್ತು ಅಂತ ನೀರಿನ ಕಡೆ ತೋರಿಸಿ ಜಗಳ ಶುರು ಮಾಡುತ್ತಾರೆ. ಒಬ್ಬರು ಎಡಕ್ಕೆ ಅಂದರೆ ಇನ್ನೊಬ್ಬರು ಬಲಕ್ಕೆ. ಒಂದು ವರ್ಷ ಮುಂಬೈಯಲ್ಲಿ ಹುಟ್ಟಿ ಬೆಳೆದ ನಮ್ಮ ತಂಗಿಯ ಮಗ ಮೊಬೈಲಿನಲ್ಲಿ ಹಳೆ ನಕ್ಷೆ ತೆಗೆದು ಇಬ್ಬರದೂ ತಪ್ಪು ಅಂತ ಹೇಳಿದ. ಆವತ್ತಿನಿಂದ ಇಬ್ಬರೂ ಒಂದಾಗಿ ಆ ಹುಡುಗನ ವಿರುದ್ಧ ನಿಂತಿದ್ದಾರೆ. ಜೋಳ ತುಂಬಿಡುವ ನೆಲದೊಳಗಿನ ಹಗೇವು ಎಲ್ಲಿತ್ತು ಅಂತ ಕೇಳಿದರೆ ಮಾತ್ರ ನಮ್ಮ ಅವ್ವ ಕೂತಲ್ಲಿಂದಲೇ ಕೈ ತೋರಿಸುತ್ತಾಳೆ, ಅದಕ್ಕೆ ಯಾರೂ ಎದುರಾಡುವುದಿಲ್ಲ.

ನಿಮ್ಮ ನೆರಳಿನ ಪ್ರಶ್ನೆಗೆ ಬರುತ್ತೇನೆ. ನೀವು ಹೇಳಿದ್ದು ಖರೆ, ದಂಡೆಗೆ ನೆರಳಿಲ್ಲ. ನಾವು ಹಗಲೆಲ್ಲ ಸಂಬಂಧಿಕರ ಹೊಲದ ಮಾವಿನ ಗಿಡದ ಕೆಳಗೆ ಇರುತ್ತೇವೆ. ನೀರಿನ ಹತ್ತಿರ ಹೋಗುವುದು 5.30ರ ಮೇಲೆ. ಹೊತ್ತು ಮುಳುಗುವುದು 6.45ರ ಸುಮಾರು, ಅಷ್ಟರೊಳಗೆ ಹುಡುಗರ ಆಟ ಮುಗಿಸಿ ಎಲ್ಲರನ್ನೂ ಮೇಲೆ ಎಳೆಯುತ್ತೇವೆ. ಕತ್ತಲಾದ ಮೇಲೆ ಒಬ್ಬರಿಗೂ ನೀರಿನ ಹಂಗಿಲ್ಲ, ಬರೀ ಗಾಳಿ ಮತ್ತು ಊಟ.

ನಿಜ ಹೇಳಬೇಕೆಂದರೆ ನಮಗೆ ಕಾರಂಜಾ ಅಂದರೆ ನಮ್ಮ ಊರು. ನಿಮಗೆ ಅದು ಒಂದು ಡ್ಯಾಂ. ಕಮಲಾಪುರದ ಹತ್ತಿರ ದೊಡ್ಡಪ್ಪ ಇದ್ದಾರೆ ಅಂತೀರಿ, ಅವರ ಊರಲ್ಲಿ ಕೆರೆ ಇಲ್ಲವೇ? ಅದನ್ನು ಬಿಟ್ಟು ನಮ್ಮ ತನಕ ಯಾಕೆ ಬರುತ್ತೀರಿ?

ಭಾಲ್ಕಿ ಬಾಂಧವ

ಅಣ್ಣಾ, ನಾನು ಗಿರಾಕಿ ಹಿಡಿದು ತಂದರೆ ನೀವು ವಾಪಸ್ ಕಳಿಸುತ್ತೀರಲ್ಲ!

ತಹರಿ ಉಸ್ತಾದ್ (ಕಲಬುರಗಿ)

ಮುಳುಗಡೆ ಮನೆತನದವರು ಹೇಳಿದ್ದೇ ಸರಿ. ಹತ್ತಿರದ ನೀರು, ಸಂಜೆ ಹೊತ್ತು. ನಮ್ಮ ಮನೆಯವರದೂ ಇದೇ ರಿವಾಜು. ಹೈದರಾಬಾದಿನ ಖಾಲಾ, ಸೊಲ್ಲಾಪುರದ ಮಾಮು, ಅವರ ಮಕ್ಕಳೆಲ್ಲ ಸೂಟಿಗೆ ಬಂದಾಗ ಮೊದಲ ಸಂಜೆ ಅಪ್ಪನ ಕೆರೆ ಕಡೆಗೇ. ಶರಣಬಸವೇಶ್ವರ ಗುಡಿಯ ಎದುರಿನ ಕೆರೆ, ಬಾಜೂಕೇ ಪಬ್ಲಿಕ್ ಗಾರ್ಡನ್. ಅಲ್ಲಿ ನೀರಿಗೆ ಇಳಿಯುವ ಮಾತಿಲ್ಲ, ಹಾಗೆ ಆಸೆಯೂ ಹುಟ್ಟುವುದಿಲ್ಲ. ಆದರೆ ದಂಡೆಗೆ ಕೂತು ಸುಸಲಾ-ಮಿರ್ಚಿ ತಿನ್ನುತ್ತ ಎರಡು ವರ್ಷದ ಸುದ್ದಿ ಮುಗಿಸುತ್ತೇವೆ. ಯಾರ ಮಗನಿಗೆ ನೌಕರಿ ಸಿಕ್ಕಿತು, ಯಾರ ರಿಶ್ತಾ ಮುರಿಯಿತು, ಎಲ್ಲ ಅಲ್ಲೇ.

ಹೊರಗೆ ಹೋಗಿ ಉಣ್ಣುವುದಾದರೆ ತಹರಿಯಂಥ ಅಡುಗೆ ಇಲ್ಲ. ಒಂದೇ ದೇಗ್ಚಿ. 40 ಮಂದಿಗೆ 4 ಕೆಜಿ ಅಕ್ಕಿ, ಅಷ್ಟೇ ಮಟನ್. ನಿಮ್ಮಲ್ಲಿ ಶಾಕಾಹಾರಿಗಳಿದ್ದರೆ ಆಲೂ, ಬಟಾಣಿ ಹಾಕಿ ಬೇರೆ ಸಣ್ಣ ದೇಗ್ಚಿ ಇಡಿ, ಚಮಚ ಕೂಡ ಬೇರೆ ಇರಲಿ, ಸುಮ್ನೆ ಯಾಕೆ ಮಾತು. ನಮ್ಮಲ್ಲಿ ತಹರಿ ಮಾಡುವುದು ಗಂಡಸರೇ. ಈರುಳ್ಳಿ ಹೆಚ್ಚುವುದರಿಂದ ಹಿಡಿದು ದಮ್ ಇಡುವ ತನಕ. ಹೆಣ್ಣುಮಕ್ಕಳು ಚಾಪೆ ಮೇಲೆ ಕೂತು ಉಪ್ಪು ಕಡಿಮೆ ಅಂತ ಬೈಯುವುದು. ಅಕ್ಕಾರಿಗೆ ಈ ವ್ಯವಸ್ಥೆ ಹಿಡಿಸುತ್ತದೆ ಅನ್ನಿಸುತ್ತದೆ.

ಕೆರೆ ದಂಡೆಗೆ ಒಲೆ ಹೂಡಬೇಡಿ, ಗಾಳಿಗೆ ಉರಿ ನಿಲ್ಲುವುದಿಲ್ಲ, ಸುತ್ತ ಒಣ ಹುಲ್ಲು ಬೇರೆ. ಮನೆಯಲ್ಲೇ ದಮ್ ಮಾಡಿ, ದೇಗ್ಚಿಯ ಬಾಯಿಗೆ ಕಣಕ ಮೆತ್ತಿ, ಹಳೆ ಚಾದರ ಸುತ್ತಿ ಜೀಪಿನಲ್ಲಿ ಇಡಿ. ಎರಡು ತಾಸು ಬಿಸಿ ಆರುವುದಿಲ್ಲ.

ಎರೆಹೊಲ (ಆಳಂದ)

ಸರಿ, ಸಂಜೆ ಅಂದರೆ ನನ್ನ ತಕರಾರಿಲ್ಲ. ನಾನು ಬೇಡ ಅಂದದ್ದು ಹಗಲಿನದು.

ದಿನದ ಬಗ್ಗೆ ನನ್ನಿಂದ ಒಂದು. ಒಕ್ಕಲುತನ ಮಾಡುವ ದೊಡ್ಡಪ್ಪನನ್ನು ಕೇಳದೆ ತಾರೀಕು ಇಡಬೇಡಿ. ಮೇ 25ಕ್ಕೆ ರೋಹಿಣಿ ಮಳೆ ಕೂಡುತ್ತದೆ, ಆಮೇಲೆ ಮಿರಗ, ಅಂದರೆ ಮೃಗಶಿರ. ಒಂದು ಹದ ಮಳೆ ಬಿದ್ದರೆ ತೊಗರಿ, ಹೆಸರು, ಉದ್ದು ಅಂತ ಬೀಜ-ಗೊಬ್ಬರಕ್ಕೆ ಓಡಾಡುವ ಹೊತ್ತು, ನಿಮ್ಮ ಕೂಟಕ್ಕೆ ಅವರ ಮೈ ಬರಬಹುದು, ಮನಸ್ಸು ಬರುವುದಿಲ್ಲ. ಬಸವ ಜಯಂತಿ ಮುಗಿದ ಮೇಲೆ, ರೋಹಿಣಿಗೆ ಮೊದಲು. ನಡುವೆ ವೈಶಾಖದ ಹುಣ್ಣಿವಿ, ನಮ್ಮ ಆಗಿ ಹುಣ್ಣಿವಿ, ಬರುತ್ತದೆ ನೋಡಿ. ಆವತ್ತು ಕೆರೆ ದಂಡೆಗೆ ಲೈಟು-ಗೀಟು ಏನೂ ಬೇಡ. ಬೆಳದಿಂಗಳಲ್ಲಿ ರೊಟ್ಟಿ ಮುರಿದು ಉಂಡರಾಯಿತು.

ಬಿಸಿಲೂರಿನ ಮೊಮ್ಮಗ

ದೊಡ್ಡಪ್ಪನಿಗೆ ಫೋನ್ ಮಾಡಿದೆ. ಊರ ಕೆರೆಯಲ್ಲಿ ಈಗ ನೀರೆಷ್ಟು ಅಂದರೆ, "ನಡುವಿಗೊಂದೀಟು ಅದ. ಎಮ್ಮಿ ಬೀಳ್ತಾವ, ನಿಮ್ಮ ಬೆಂಗಳೂರಿನ ಹುಡುಗರು ಬೀಳಲಾಕ ಏನಾಗ್ಯದ" ಅಂದರು. ಹೂಳು ತೆಗೆದ ತಗ್ಗು ಪೂರ್ವದ ಬದಿಗೆ ಇವೆಯಂತೆ. ಗುಡಿ ಇರುವ ಬದಿಗೆ ಕಲ್ಲಿನ ಪಾವಟಿಗೆ ಇದೆ, ಅಲ್ಲಿ ಮೊಳಕಾಲ ಮಟ್ಟವೇ. ಆಯಿ ಪಾವಟಿಗೆ ಮೇಲೆ ಕೂತು ಕಾಲು ಇಳಿಬಿಡಬಹುದು, ನಡೆಯುವ ಕೆಲಸವೇ ಇಲ್ಲ, ಜೀಪು ಗುಡಿ ತನಕ ಹೋಗುತ್ತದೆ. ಪೂರ್ವದ ಬದಿಗೆ ಹಗ್ಗ ಕಟ್ಟಿ, ಈಜು ಬರುವ ಇಬ್ಬರು ತಮ್ಮಂದಿರನ್ನು ನಿಲ್ಲಿಸುತ್ತೇವೆ. ಅವರಿಗೆ ಆವತ್ತು ಮೊಬೈಲ್ ಇಲ್ಲ.

ಹಗಲು ದೊಡ್ಡಪ್ಪನ ಮನೆ. ಹಳೆ ಮನೆ, ದಪ್ಪ ಗೋಡೆ, ಮೇಲೆ ಮಾಳಿಗೆ, ಒಳಗೆ ತಣ್ಣಗಿರುತ್ತದೆ. ಮಾವಿನ ಹಣ್ಣು ಬಂದಿರುತ್ತದೆ, ಸೀಕರಣಿ ಮಾಡೋಣ ಅಂತ ವೈನಿ ಅಂದರು. ಯಾರು ಮಾಡೋಣ ಅಂತ ನಾನು ಕೇಳಿದೆ. ಸ್ವಲ್ಪ ಹೊತ್ತು ಮೌನ, ಆಮೇಲೆ ಅಣ್ಣನ ಹೆಸರು ಬಂತು. ಕಮಲಾಪುರದ ಕೆಂಪು ಬಾಳೆಹಣ್ಣು ಒಂದು ಗೊನೆ ಕಾಕಾನ ಲೆಕ್ಕಕ್ಕೆ. ಸಂಜೆ 5.30ಕ್ಕೆ ಕೆರೆ, ರಾತ್ರಿ ಬೆಳದಿಂಗಳ ಊಟ. ಮರುದಿನ ಕಸುವಿದ್ದವರು ನಸುಕಿನಲ್ಲಿ ಚಂದ್ರಂಪಳ್ಳಿಗೆ ಹೋಗಿ ಬರಲಿ. ಬೀದರ್ ರೈಲು, ಝೀರಾ ಹುಡುಗರಿಗೆ ಮೂರನೇ ದಿನ. ಭಾಲ್ಕಿ ಅಣ್ಣ ಸಿಟ್ಟಾಗಬಾರದು.

ಮಿನ್ನೆಸೋಟಾದವನೂ ಬರುತ್ತೇನೆ ಅಂದಿದ್ದಾನೆ. ಅಲ್ಲಿಂದ ಮಡಚುವ ಕುರ್ಚಿ ತರಲಾ ಅಂತ ಕೇಳಿದ. ಚಾಪೆ ಇದೆ, ನೀನು ಬಾ ಸಾಕು ಅಂದೆ.

ಸುರಪುರ ಸೀಮೆಯ ಅಕ್ಕ

ಬಹಳ ಚಂದ ಆಯಿತು ತಮ್ಮಾ. ಎರಡೇ ಮಾತು ಉಳಿದಿದೆ.

ಮೇ ಸಂಜೆ ಅಡ್ಡಮಳೆ ಬರುತ್ತದೆ. ಗುಡುಗು ಕೇಳಿದ ಕೂಡಲೇ ಎಲ್ಲರನ್ನೂ ನೀರಿನಿಂದ ಎಬ್ಬಿಸಿ ಮನೆಗೆ ಒಯ್ಯಿ, ಮನೆ ದೂರ ಅನ್ನಿಸಿದರೆ ಗಾಜು ಏರಿಸಿಕೊಂಡು ಗಾಡಿಯೊಳಗೆ ಕೂರಿಸು. ಗಿಡದ ಕೆಳಗೆ ನಿಲ್ಲಿಸಬೇಡ. ನಮ್ಮ ಮೂರೂ ಜಿಲ್ಲೆಯಲ್ಲಿ ಪ್ರತಿ ಬೇಸಿಗೆ ಸಿಡಿಲಿಗೆ ಜನ ಸಾಯುವುದು ಹೊಲದ ಗಿಡದ ಕೆಳಗೇ. ಊಟ ಆವತ್ತು ಪಡಸಾಲೆಯಲ್ಲೇ ಆಗಲಿ, ಹುಣ್ಣಿವಿ ಮುಂದಿನ ವರ್ಷವೂ ಬರುತ್ತದೆ.

ಎರಡನೆಯದು, ಅಡುಗೆ ಯಾರದು ಅಂತ ಹೇಳಿದೆ, ಬಡಿಸುವುದು ಯಾರು, ಪಾತ್ರೆ ಯಾರು ತಿಕ್ಕುತ್ತಾರೆ ಅಂತ ಹೇಳಲಿಲ್ಲ. ಹೆಸರು ಬರೆದು ಆ ವಾಟ್ಸಾಪ್ ಗ್ರೂಪಿಗೆ ಹಾಕು. ಆ ಕಾಕಾ ಇನ್ನೂ ಏನೂ ಅಂದಿಲ್ಲ ಅಂದೆಯಲ್ಲ, ಅವರ ಹೆಸರನ್ನೇ ಮೊದಲು ಬರೆ.